ನಿಂತಲ್ಲಿ ನಿಲ್ಲದ ಗುಂಡಿ

ಕಳೆದ ತಿಂಗಳು ಒಂದು ಬೆಳಿಗ್ಗೆ ಪ್ರಕಾಶಕರೊಬ್ಬರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಇಮೇಲ್ ಬರೆದೆ. ಕೀಲಿಮಣೆ ನೋಡದೆ ಟೈಪ್ ಮಾಡುವ ಅಭ್ಯಾಸ ನನ್ನದು. ಕಣ್ಣು ಮೇಜಿನ ಮೇಲಿದ್ದ ಲೆಕ್ಕದ ಚೀಟಿಯ ಮೇಲಿತ್ತು. ಮುಗಿಸಿ ತಲೆ ಎತ್ತಿದರೆ ಪರದೆಯ ತುಂಬ ಕನ್ನಡ ಲಿಪಿ. ‘ಡಿಯರ್ ಸರ್’ ಎಂದು ಒತ್ತಿದ್ದು ‘ಧೆಅರ ಶಿರ’ ಎಂದು ಮೂಡಿತ್ತು. ಅದರ ಕೆಳಗಿನ ಮೂರು ಸಾಲುಗಳನ್ನು ಯಾವ ಶಾಸನತಜ್ಞರೂ ಓದಲಾರರು. ಕಳುಹಿಸುವ ಮುಂಚೆ ನೋಡಿದ್ದು ಪುಣ್ಯ. ಇಲ್ಲದಿದ್ದರೆ ಬಾಕಿ ಗೌರವಧನ ಕೇಳಬೇಕಿದ್ದ ಪತ್ರದಲ್ಲಿ ಅವರ ತಲೆಯನ್ನೇ ಕೇಳಿದಂತಾಗುತ್ತಿತ್ತು.

ಅಳಿಸಿದೆ, ಭಾಷೆ ಬದಲಾಯಿಸಿದೆ, ಮತ್ತೆ ಬರೆದು ಕಳುಹಿಸಿದೆ. ಪಕ್ಕದ ವಿಂಡೋದಲ್ಲಿ ಅರ್ಧಕ್ಕೆ ನಿಂತಿದ್ದ ಅನುವಾದಕ್ಕೆ ಮರಳಿದರೆ ಅಲ್ಲಿ ಇಂಗ್ಲಿಷ್ ಅಕ್ಷರಗಳು ಉದುರತೊಡಗಿದವು. ಮತ್ತೆ ಭಾಷೆ ಬದಲಾಯಿಸಿದೆ. ಒಂದು ಪದದ ಅರ್ಥ ಹುಡುಕಲು ಬ್ರೌಸರಿಗೆ ಹೋದೆ, ಅಲ್ಲಿ ಕನ್ನಡ. ಹತ್ತು ನಿಮಿಷದಲ್ಲಿ ಏಳೆಂಟು ಸಲ ಹೀಗಾದ ಮೇಲೆ ನೆನಪಾಯಿತು: ಹಿಂದಿನ ರಾತ್ರಿ ಮಲಗುವ ಮುಂಚೆ, ‘ಅಪ್‌ಡೇಟ್ ಮಾಡಿ ಮುಚ್ಚು’ ಎಂಬ ಗುಂಡಿಯನ್ನು ನಾನೇ ಒತ್ತಿದ್ದೆ. ಯಾರನ್ನು ಬೈಯುವುದು?

ನಾನು ಅನುವಾದಕಿ. ಹದಿನೈದು ವರ್ಷಗಳಿಂದ ನನ್ನ ಪರದೆಯ ವಿನ್ಯಾಸ ಒಂದೇ. ಎಡ ಅರ್ಧದಲ್ಲಿ ಇಂಗ್ಲಿಷ್ ಮೂಲ, ಬಲ ಅರ್ಧದಲ್ಲಿ ಕನ್ನಡ ಕರಡು, ಕರಡಿನ ಹಿಂದಿನಿಂದ ಅಂಚು ಮಾತ್ರ ಇಣುಕುವಂತೆ ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿ. ಆ ನಿಘಂಟು 1894ರದು. ಅದರ ಪುಟಗಳಾದರೂ ಇದ್ದಲ್ಲೇ ಇರುತ್ತವೆ. ಈ ಮೂರು ವಿಂಡೋಗಳ ನಡುವೆ ದಿನಕ್ಕೆ ನೂರಾರು ಸಲ ಓಡಾಡುತ್ತೇನೆ. ಪ್ರತಿ ವಿಂಡೋ ತನ್ನ ಭಾಷೆಯನ್ನು ತಾನೇ ನೆನಪಿಟ್ಟುಕೊಂಡಿರುತ್ತಿತ್ತು. ಎಡಕ್ಕೆ ಹೋದರೆ ಇಂಗ್ಲಿಷ್, ಬಲಕ್ಕೆ ಬಂದರೆ ಕನ್ನಡ. ಮನೆಯಲ್ಲಿ ಅಮ್ಮನ ಜೊತೆ ಒಂದು ಭಾಷೆ, ಬಾಗಿಲಿಗೆ ಬಂದ ಕೊರಿಯರ್ ಹುಡುಗನ ಜೊತೆ ಇನ್ನೊಂದು ಭಾಷೆ ನಾಲಿಗೆಗೆ ತಾನಾಗಿಯೇ ಬರುವಂತೆ. ಇದು ಒಂದು ಸೌಲಭ್ಯ, ಯಾರೋ ಯೋಚಿಸಿ ಕಟ್ಟಿದ್ದು, ಗಣಕವನ್ನು ಹಾಕಿಕೊಟ್ಟ ಗೆಳತಿ ಎಲ್ಲೋ ಒಂದು ಕಡೆ ಗುರುತು ಹಾಕಿ ಚಾಲೂ ಮಾಡಿಟ್ಟಿದ್ದು ಎಂಬುದು ಅದು ಹೋದ ದಿನವೇ ನನಗೆ ತಿಳಿದದ್ದು.

ಹೊಸ ಆವೃತ್ತಿ ಬರುವಾಗ ಆ ಗುರುತನ್ನು ಒರೆಸಿಹಾಕಿತ್ತು. ಇಡೀ ಗಣಕಕ್ಕೆ ಒಂದೇ ಭಾಷೆ. ಒಂದು ಕಡೆ ಬದಲಾಯಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಯೋಚಿಸಿ ನೋಡಿದರೆ ಇದರಲ್ಲಿ ತರ್ಕವೂ ಇದೆ. ಈಗ ಯಾವ ಭಾಷೆಯಲ್ಲಿದ್ದೇನೆ ಎಂಬ ಗೊಂದಲ ಇರುವುದಿಲ್ಲ, ಒಂದೇ ಉತ್ತರ. ಆದರೆ ಗೊಂದಲ ಯಾರಿಗೆ? ದಿನವಿಡೀ ಒಂದೇ ಭಾಷೆಯಲ್ಲಿ ಬರೆಯುವವರಿಗೆ ಈ ಬದಲಾವಣೆ ಆದದ್ದೂ ಗೊತ್ತಾಗುವುದಿಲ್ಲ. ಎರಡು ಲಿಪಿಗಳಲ್ಲಿ ಬದುಕುವ ನಮಗೆ, ಎಂದರೆ ಈ ದೇಶದಲ್ಲಿ ಗಣಕದ ಮುಂದೆ ಕೂರುವ ಬಹುಪಾಲು ಜನರಿಗೆ, ಅದು ಗಂಟೆಗೆ ಹತ್ತು ಸಲ ಎಡವುವ ಕಲ್ಲು. ಏನನ್ನೂ ಮುಟ್ಟದಿದ್ದರೆ ಸಿಗುವ ಏರ್ಪಾಡು ಯಾರಿಗೆ ಒಪ್ಪುವಂತಿದೆ ಎಂದು ನೋಡಿದರೆ ಸಾಕು, ಕಟ್ಟುವಾಗ ಅವರ ಕಣ್ಣ ಮುಂದೆ ಯಾರಿದ್ದರು ಎಂಬುದು ಗೊತ್ತಾಗುತ್ತದೆ.

ಆ ಗುರುತು ಹಾಕುವ ಜಾಗ ಇನ್ನೂ ಇತ್ತು, ನಿಜ. ಹುಡುಕಲು ನಲವತ್ತು ನಿಮಿಷ ಹಿಡಿಯಿತು. ಏಕೆಂದರೆ ಏನೆಂದು ಹುಡುಕಬೇಕು? ಕಳೆದುಹೋದ ವಸ್ತುವಿಗೆ ಹೆಸರೇ ಇರಲಿಲ್ಲ.

ಶಿರಸಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋಗುವುದು ದಿನನಿತ್ಯದ ಮಾತು. ನಡುಮನೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಎರಡು ಹೊಸಿಲು, ಒಂದು ಮೆಟ್ಟಿಲು. ಮೊದಲ ಹೊಸಿಲು ಎಷ್ಟು ಹೆಜ್ಜೆಗೆ ಬರುತ್ತದೆ ಎಂದು ಕೇಳಿದರೆ ಇವತ್ತಿಗೂ ನನ್ನ ಬಾಯಿ ಹೇಳಲಾರದು. ಆದರೆ ಕಗ್ಗತ್ತಲಿನಲ್ಲಿ ಕಾಲು ತಾನಾಗಿ ಎತ್ತಿ ದಾಟುತ್ತದೆ. ಗಣಕದ ಮುಂದೆ ಕೈಗೆ ಇರುವುದೂ ಇದೇ ಬಗೆಯ ತಿಳಿವಳಿಕೆ. ವಿಂಡೋ ಮುಚ್ಚುವ ಗುಂಡಿ ಎಲ್ಲಿದೆ ಎಂದು ಫೋನಿನಲ್ಲಿ ಯಾರಾದರೂ ಕೇಳಿದರೆ ನಾನು ಒಮ್ಮೆ ಪರದೆ ನೋಡಿಯೇ ಹೇಳಬೇಕು. ಕೈ ಮಾತ್ರ ಯಾವತ್ತೂ ನೋಡಿಲ್ಲ. ಅಪ್‌ಡೇಟ್ ಎಂದರೆ ರಾತ್ರೋರಾತ್ರಿ ಯಾರೋ ಬಂದು ಹೊಸಿಲನ್ನು ಒಂದು ಗೇಣು ಆಚೆ ಸರಿಸಿ, ‘ನಿಮ್ಮ ಮನೆ ಈಗ ಇನ್ನಷ್ಟು ಚೆನ್ನಾಗಿದೆ’ ಎಂದು ಚೀಟಿ ಅಂಟಿಸಿ ಹೋದಂತೆ. ಹೊಸಿಲು ಹೊಸ ಜಾಗದಲ್ಲಿ ನಿಜಕ್ಕೂ ಚೆನ್ನಾಗಿರಬಹುದು. ಎಡವಿದ ಹೆಬ್ಬೆರಳಿಗೆ ಅದರಿಂದೇನು?

ಈ ಹೊಸಿಲು ಸರಿಸುವ ಕೆಲಸಕ್ಕೆ ದೊಡ್ಡ ಚರಿತ್ರೆಯೇ ಇದೆ, ಅದರಲ್ಲಿ ನನಗೆ ಅತ್ಯಂತ ರುಚಿಕಟ್ಟೆನಿಸುವುದು ಉಬುಂಟು ಎಂಬ, ವಿಂಡೋಸ್‌ಗೆ ಬದಲಾಗಿ ಬಳಸುವ ಲಿನಕ್ಸ್ ಬಗೆಯ ಗಣಕ ವ್ಯವಸ್ಥೆಯ ಕಥೆ. 1995ರಲ್ಲಿ ವಿಂಡೋಸ್ 95 ಬಂದಾಗಿನಿಂದ, ವಿಂಡೋ ಮುಚ್ಚುವ ಗುಣಾಕಾರದ ಚಿಹ್ನೆ ಬಲ ಮೇಲ್ಮೂಲೆಯಲ್ಲಿದೆ ಎಂಬುದು ಲೋಕದ ಬಹುಪಾಲು ಕೈಗಳಿಗೆ ಅಂಟಿಹೋಗಿತ್ತು. ಮ್ಯಾಕಿನವರದು ಮೊದಲಿನಿಂದಲೂ ಎಡಗಡೆ, ಅವರ ಊರೇ ಬೇರೆ. 2010ರ ಏಪ್ರಿಲ್‌ನಲ್ಲಿ ಬಂದ ಉಬುಂಟು 10.04 ವಿಂಡೋವನ್ನು ಮುಚ್ಚುವ, ಕೆಳಕ್ಕಿಳಿಸುವ, ದೊಡ್ಡದು ಮಾಡುವ ಮೂರೂ ಗುಂಡಿಗಳನ್ನು ಬಲದಿಂದ ಎಡಕ್ಕೆ ಸಾಗಿಸಿತು. ಬಳಕೆದಾರರು ಎದ್ದು ಕುಳಿತರು. ಏಕೆ ಎಂದು ಕೇಳಿದವರಿಗೆ ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಕೊಟ್ಟ ಕಾರಣ, ಬಲಗಡೆಯ ಜಾಗ ಹೊಸದೊಂದಕ್ಕೆ ಬೇಕು ಎಂಬುದು. ಅಭಿಪ್ರಾಯ ಹೇಳಿ, ಆದರೆ ವಿನ್ಯಾಸವನ್ನು ಮತ ಹಾಕಿ ತೀರ್ಮಾನಿಸುವುದಿಲ್ಲ ಎಂಬರ್ಥದ ಮಾತನ್ನೂ ಆಡಿದರು. ಆ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಮತ ಹಾಕಿ ಮಾಡಿದ ವಿನ್ಯಾಸ ಹೇಗಿರುತ್ತದೆ ಎಂದು ನೋಡಬೇಕಾದರೆ ನಮ್ಮ ಊರುಗಳ ಯಾವುದೇ ಮದುವೆಯ ಆಮಂತ್ರಣ ಪತ್ರಿಕೆ ನೋಡಬಹುದು. ಆದರೆ ಬಲಗಡೆಯ ಆ ಖಾಲಿ ಜಾಗಕ್ಕೆ ಬರಬೇಕಾಗಿದ್ದ ಹೊಸ ಸೂಚಕಗಳು ಬರಲೇ ಇಲ್ಲ. ಏಳು ವರ್ಷ ಕಳೆದು 2017ರ ಅಕ್ಟೋಬರ್‌ನಲ್ಲಿ 17.10 ಬಂದಾಗ ಗುಂಡಿಗಳು ಸದ್ದಿಲ್ಲದೆ ಬಲಕ್ಕೆ ಮರಳಿದವು. ಅಷ್ಟರಲ್ಲಿ ಎಡಕ್ಕೆ ಒಗ್ಗಿಹೋಗಿದ್ದ ಕೈಗಳು ಎರಡನೆಯ ಸಲ ಎಡವಿದವು.

2011ರಲ್ಲಿ ಲಿನಕ್ಸ್ ಗಣಕಗಳ ಡೆಸ್ಕ್‌ಟಾಪ್ ವಿನ್ಯಾಸವಾದ ಗ್ನೋಮ್ 3 ಬಂದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಂಡೋವನ್ನು ಕೆಳಕ್ಕಿಳಿಸುವ ಮತ್ತು ದೊಡ್ಡದು ಮಾಡುವ ಗುಂಡಿಗಳನ್ನೇ ತೆಗೆದಿತ್ತು. ಕೆಳಕ್ಕಿಳಿದು ಕೂರಲು ಪಟ್ಟಿಯೇ ಇಲ್ಲದ ಮೇಲೆ ಇಳಿಸುವ ಗುಂಡಿ ಏಕೆ ಎಂಬ ವಾದ. ಸಿಟ್ಟು ಬಂದವರು ಬರೀ ಬೈದು ಕೂರಲಿಲ್ಲ: ಹಳೆಯದನ್ನೇ ಮುಂದುವರಿಸಲು ಮಾಟೆ, ಹೊಸ ತಳಹದಿಯ ಮೇಲೆ ಹಳೆಯ ಮನೆ ಕಟ್ಟಲು ಸಿನಮನ್, ಹೀಗೆ ಎರಡು ಬೇರೆ ಡೆಸ್ಕ್‌ಟಾಪ್‌ಗಳೇ ಹುಟ್ಟಿಕೊಂಡವು, ಇಂದಿಗೂ ಬದುಕಿವೆ. ಮೂಲ ಸಂಕೇತ ಎಲ್ಲರಿಗೂ ಸಿಗುವ ಲೋಕದಲ್ಲಿ ಮಾತ್ರ ಸಾಧ್ಯವಾಗುವ ಜಗಳ ಇದು. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ಎತ್ತಿಹಾಕಿದಾಗ ಜನರು ಮಾಡಬಹುದಾಗಿದ್ದದ್ದು ಕಾಯುವುದು, ಹಳೆಯ ಆವೃತ್ತಿಗೆ ಅಂಟಿಕೊಳ್ಳುವುದು, ಇಲ್ಲವೇ ಹೊರಗಿನವರು ಬರೆದ ತೇಪೆ ಹಾಕಿಕೊಳ್ಳುವುದು, ಅಷ್ಟೇ. ಮರುವರ್ಷ 8.1ರಲ್ಲಿ ಗುಂಡಿ ಬಂತು, ಅದರೊಳಗಿನ ಮೆನು ಬರಲು 2015ರ ವಿಂಡೋಸ್ 10ರವರೆಗೆ ಕಾಯಬೇಕಾಯಿತು. ಬೆರಳಿನಿಂದ ಮುಟ್ಟುವ ಪರದೆಗಳ ಕಾಲ ಬಂತೆಂದು ಮೌಸ್ ಹಿಡಿದವರ ಮೇಜಿಗೂ ಅದೇ ಅಡುಗೆ ಬಡಿಸಿದ್ದು ಗುಂಡಿ ಹೋದದ್ದಕ್ಕೆ ಕಾರಣ.

ಬದಲಾವಣೆ ಎಂದರೆ ಮೈಯೆಲ್ಲ ಉರಿಯುವ ಜಾತಿಯವಳು ನಾನಲ್ಲ ಎಂದು ಸಾಬೀತು ಮಾಡಲು ನನ್ನ ಬಳಿ ಒಂದೇ ಒಂದು ಸಾಕ್ಷಿ ಇದೆ. ವಿಂಡೋವನ್ನು ಹಿಡಿದು ಪರದೆಯ ಎಡ ಅಂಚಿಗೆ ತಾಗಿಸಿದರೆ ಅದು ಸರಿಯಾಗಿ ಅರ್ಧಕ್ಕೆ ಕೂರುವ ಏರ್ಪಾಡು 2009ರ ವಿಂಡೋಸ್ 7ರ ಜೊತೆ ಹೆಚ್ಚಿನವರ ಕೈಗೆ ಬಂತು. ಆಮೇಲೆ ಉಳಿದ ಕಡೆಯೂ ಹಬ್ಬಿತು. ಮೊದಮೊದಲು ಕಿರಿಕಿರಿ, ಸುಮ್ಮನೆ ಮೇಲಕ್ಕೆ ಸರಿಸಲು ಹೋದರೆ ವಿಂಡೋ ಉಬ್ಬಿ ಇಡೀ ಪರದೆ ತುಂಬುತ್ತಿತ್ತು. ಆದರೆ ಇಂದು ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಆ ಎರಡು ಅರ್ಧಗಳ ಮೇಲೆ. ಅದಕ್ಕೆ ಮುಂಚೆ ಮೂಲವನ್ನೂ ಕರಡನ್ನೂ ಪಕ್ಕಪಕ್ಕ ಇಡಲು ಮೂಲೆ ಹಿಡಿದು ಎಳೆದು, ಅಳೆದು, ಮತ್ತೆ ಎಳೆದು ಪಡುತ್ತಿದ್ದ ಪಾಡು ನೆನಪಿದೆ. ಅದು ಬಂದಾಗ ಯಾವುದನ್ನೂ ಕಿತ್ತುಕೊಳ್ಳಲಿಲ್ಲ. ಮೂಲೆ ಹಿಡಿದು ಎಳೆಯುವವರು ಇವತ್ತಿಗೂ ಎಳೆಯಬಹುದು.

ಮತ್ತೆ ನನ್ನ ಅಪ್‌ಡೇಟಿಗೆ ಬರುತ್ತೇನೆ, ಏಕೆಂದರೆ ಭಾಷೆಯ ಗಲಾಟೆ ಬಗೆಹರಿದ ಮಧ್ಯಾಹ್ನವೇ ಇನ್ನೊಂದು ಪತ್ತೆಯಾಯಿತು. ಬೆಳಿಗ್ಗೆ ಒಂದು ಕೀಲಿ ಒತ್ತಿದರೆ ನನ್ನ ಮೂರೂ ವಿಂಡೋಗಳು ತೆರೆದು ತಮ್ಮತಮ್ಮ ಜಾಗದಲ್ಲಿ ಕೂರುವಂತೆ ಅದೇ ಗೆಳತಿ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಟ್ಟಿದ್ದಳು. ಈಗ ಕೀಲಿ ಒತ್ತಿದರೆ ವಿಂಡೋಗಳು ತೆರೆಯುತ್ತವೆ, ಆದರೆ ಸಂತೆಗೆ ಬಂದವರಂತೆ ಎಲ್ಲೆಂದರಲ್ಲಿ. ಅವಳಿಗೆ ಫೋನ್ ಮಾಡಿದೆ. ‘ಅಯ್ಯೋ, ನೀನೀಗ ವೇಲ್ಯಾಂಡಿಗೆ ಬಂದಿದ್ದೀಯ. ಅದು ಇನ್ನು ನಡೆಯುವುದಿಲ್ಲ’ ಎಂದಳು, ಊರು ಬಿಟ್ಟು ಹೋದವರ ಸುದ್ದಿ ಹೇಳುವ ದನಿಯಲ್ಲಿ.

ಅವಳು ಬಿಡಿಸಿ ಹೇಳಿದ್ದು ಹೀಗೆ. ನನ್ನದರಂಥ ಲಿನಕ್ಸ್ ಗಣಕಗಳಲ್ಲಿ ಪರದೆಯ ಮೇಲೆ ವಿಂಡೋ ಬಿಡಿಸುವ ಕೆಲಸ ಬಹುಕಾಲ ಎಕ್ಸ್ ಎಂಬ ವ್ಯವಸ್ಥೆಯದಾಗಿತ್ತು. 1984ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಅದರ ಹನ್ನೊಂದನೆಯ ಆವೃತ್ತಿ 1987ರದು. ಮೂರು ದಶಕ ಅದೇ ಆವೃತ್ತಿಯ ಮೇಲೆ ಲೋಕ ನಡೆಯಿತು. ಎಕ್ಸ್ ಹಳೆಯ ಕಾಲದ ವಠಾರದಂತೆ. ಯಾವ ಮನೆಯ ಬಾಗಿಲಿಗೂ ಚಿಲಕವಿಲ್ಲ. ಒಂದು ತಂತ್ರಾಂಶ ಇನ್ನೊಂದರ ವಿಂಡೋವನ್ನು ಹಿಡಿದು ಸರಿಸಬಹುದು, ಅದರಲ್ಲಿ ಏನಿದೆ ಎಂದು ಇಣುಕಬಹುದು, ಅಲ್ಲಿ ನೀವು ಒತ್ತುವ ಪ್ರತಿ ಕೀಲಿಯನ್ನೂ ಕದ್ದು ಕೇಳಬಹುದು, ಪಾಸ್‌ವರ್ಡ್ ಸೇರಿದಂತೆ. ನನ್ನ ಸ್ಕ್ರಿಪ್ಟ್ ಕೆಲಸ ಮಾಡುತ್ತಿದ್ದದ್ದು ಆ ಚಿಲಕವಿಲ್ಲದ ಬಾಗಿಲುಗಳ ದಯೆಯಿಂದ. 2008ರಲ್ಲಿ ಶುರುವಾದ ವೇಲ್ಯಾಂಡ್ ಎಲ್ಲ ಬಾಗಿಲುಗಳಿಗೂ ಬೀಗ ಹಾಕಿತು. ಅಲ್ಲಿ ಸಾಮಾನ್ಯ ತಂತ್ರಾಂಶವೊಂದು ‘ನನ್ನನ್ನು ಇಂಥ ಕಡೆ ಕೂರಿಸು’ ಎಂದು ತನ್ನ ವಿಂಡೋದ ಬಗ್ಗೆಯೂ ಹೇಳುವಂತಿಲ್ಲ, ಇನ್ನು ಪಕ್ಕದವರದ್ದನ್ನು ಮುಟ್ಟುವ ಮಾತೆಲ್ಲಿ.

ಇದನ್ನು ಕೇಳಿದ ಮೇಲೆ ನನ್ನ ಸಿಟ್ಟಿಗೆ ನಿಲ್ಲಲು ನೆಲ ಇಲ್ಲದಂತಾಯಿತು. ಕಳ್ಳನಿಗೆಂದು ಹಾಕಿದ ಬೀಗವನ್ನು ನನ್ನ ಅನುಕೂಲಕ್ಕಾಗಿ ತೆಗೆಯಿರಿ ಎಂದು ಹೇಗೆ ಕೇಳಲಿ? ಗುಂಡಿಯನ್ನು ಎಡದಿಂದ ಬಲಕ್ಕೆ ಓಡಾಡಿಸಿದವರ ಮೇಲೆ ಬರುವ ಸಿಟ್ಟು ಇವರ ಮೇಲೆ ಬರಲಿಲ್ಲ. ಆದರೂ ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಬದಿಗಿಟ್ಟು ಮೂರು ವಿಂಡೋಗಳನ್ನು ಒಂದೊಂದಾಗಿ ಎಳೆದು ಕೂರಿಸುವಾಗ, ಬೀಗ ಹಾಕಿದವರು ಮನೆಯವರ ಕೈಗೊಂದು ಕೀಲಿಕೈ ಕೊಟ್ಟು ಹೋಗಬಹುದಿತ್ತು ಎನಿಸದೆ ಇರುವುದಿಲ್ಲ. ಅರ್ಧ ನಿಮಿಷದ ಕೆಲಸ, ಒಪ್ಪುತ್ತೇನೆ. ಆದರೆ ಹಿಂದೆ ಆ ಅರ್ಧ ನಿಮಿಷದಲ್ಲಿ ನಿನ್ನೆ ನಿಲ್ಲಿಸಿದ ವಾಕ್ಯ ತಾನಾಗಿ ನೆನಪಿಗೆ ಬರುತ್ತಿತ್ತು.

ಮೈಸೂರಿನಲ್ಲಿ ನನಗೆ ಪರಿಚಯದ ಡಿಟಿಪಿ ಅಂಗಡಿಯೊಂದಿದೆ. ಅಲ್ಲಿನ ಹಿರಿಯರು ಈ ಎಲ್ಲ ತಾಪತ್ರಯದಿಂದ ಪಾರಾಗಿದ್ದಾರೆ. ಮೂಲೆಯಲ್ಲಿರುವ ಅವರ ಗಣಕ ವಿಂಡೋಸ್ ಎಕ್ಸ್‌ಪಿಯದು. ಅದಕ್ಕೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅದರಲ್ಲಿ ಪುಟ ಕೂರಿಸುವ ತಂತ್ರಾಂಶ ಪೇಜ್‌ಮೇಕರ್ 7, ಅದು 2001ರದು. ಹಳೆಯ ನುಡಿ ಫಾಂಟುಗಳು. ಇಂಟರ್ನೆಟ್ ತಂತಿಯನ್ನು ಗಣಕದ ಹಿಂಬದಿಯಿಂದ ಕಿತ್ತು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದಾರೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕವನ ಸಂಕಲನ, ಎಲ್ಲವೂ ಪೆನ್‌ಡ್ರೈವಿನಲ್ಲಿ ಬಂದು ಪೆನ್‌ಡ್ರೈವಿನಲ್ಲೇ ಹೋಗುತ್ತವೆ. ಅವರ ಬೆರಳುಗಳ ವೇಗ ನೋಡಿ ನನಗೆ ಹೊಟ್ಟೆಕಿಚ್ಚಾಗಿದೆ. ಕರ್ಸರ್ ಎಲ್ಲೂ ಅನುಮಾನಿಸುವುದಿಲ್ಲ. ಆದರೆ ಅವರು ಇಪ್ಪತ್ತು ವರ್ಷ ಕೂರಿಸಿದ ಪುಟಗಳೆಲ್ಲ, ಎಲ್ಲ ಗಣಕಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿವೆ. ಬೇರೆ ಗಣಕದಲ್ಲಿ ತೆರೆದರೆ ಅವೂ ‘ಧೆಅರ ಶಿರ’ದ ಅಣ್ಣತಮ್ಮಂದಿರೇ. ತಂತಿ ಕಿತ್ತ ಮಾತ್ರಕ್ಕೆ ಬೆಲೆ ತೆರದೆ ಉಳಿಯಲಾಗಲಿಲ್ಲ.

ಊರಿನಲ್ಲಿ ಅಪ್ಪಯ್ಯನ ಕಥೆ ಬೇರೆ. ಅವರು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಲ್ಯಾಪ್‌ಟಾಪ್ ಬಂದದ್ದು ಎಪ್ಪತ್ತರ ಹತ್ತಿರ. ತಾಳಮದ್ದಳೆ ಕೇಳಲು, ಅಡಿಕೆ ಧಾರಣೆ ನೋಡಲು, ಮೊಮ್ಮಗನ ಮುಖ ನೋಡಲು. ಕಲಿಸಿದ್ದನ್ನೆಲ್ಲ ಅವರು ಖಾತೆಪುಸ್ತಕದಂಥ ಒಂದು ಉದ್ದ ಪುಸ್ತಕದಲ್ಲಿ ಬರೆದಿಟ್ಟರು, ಎಡಕ್ಕೆ ಕ್ರಮಸಂಖ್ಯೆ, ಬಲಕ್ಕೆ ವಿವರ. ‘1. ಎಡಗಡೆ ಕೆಳಮೂಲೆಯ ಗುಂಡಿ ಒತ್ತುವುದು. 2. ಮೇಲೆ ಬಂದ ಪಟ್ಟಿಯಲ್ಲಿ ಬೇಕಾದ್ದನ್ನು ಒತ್ತುವುದು. 3. ಮುಗಿದ ಮೇಲೆ ಬಲಗಡೆ ಮೇಲ್ಮೂಲೆಯ ಗುಣಾಕಾರ.’ ಹದಿನೆಂಟು ಪುಟ, ನೀಲಿ ಶಾಯಿ, ಒಂದೂ ಚಿತ್ತಿಲ್ಲ.

ಒಂದು ದಿನ ಫೋನ್ ಬಂತು. ‘ಕೂಸೇ, ಎಡ ಮೂಲೆಯಲ್ಲಿ ಗುಂಡಿ ಇಲ್ಲ.’

‘ಕೆಳಗೆ ನಡುವೆ ನೋಡಿ ಅಪ್ಪಯ್ಯ.’

‘ಇದೆ. ಒತ್ತಿದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ಅದು ಇನ್ನಷ್ಟು ಎಡಕ್ಕೆ ಹೋಯಿತಲ್ಲ? ಇದು ನಿಂತಲ್ಲಿ ನಿಲ್ಲುವುದಿಲ್ಲ’ ಎಂದರು.

ವಯಸ್ಸಾದವರ ಭ್ರಮೆ ಎಂದುಕೊಂಡೆ. ಆಮೇಲೆ ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ. ವಿಂಡೋಸ್ 11ರಲ್ಲಿ ಪರದೆಯ ಕೆಳಗಿನ ಗುಂಡಿಗಳ ಸಾಲನ್ನು ನಡುವಿಗೆ ಬರುವಂತೆ ಜೋಡಿಸಿದ್ದಾರೆ. ಹೊಸದೊಂದು ತಂತ್ರಾಂಶ ತೆರೆದಾಗ ಅದರ ಚಿತ್ರ ಸಾಲಿಗೆ ಸೇರುತ್ತದೆ, ಸಾಲು ಉದ್ದವಾಗುತ್ತದೆ, ಎಡ ತುದಿಯಲ್ಲಿರುವ ಮೊದಲ ಗುಂಡಿ ಅಷ್ಟು ಎಡಕ್ಕೆ ಜರುಗುತ್ತದೆ. ಮುಚ್ಚಿದರೆ ಮತ್ತೆ ಬಲಕ್ಕೆ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ 1954ರಲ್ಲೇ, ಗುರಿ ದೊಡ್ಡದಾಗಿಯೂ ಹತ್ತಿರದಲ್ಲೂ ಇದ್ದಷ್ಟು ಕೈ ಬೇಗ ತಲುಪುತ್ತದೆ ಎಂದು ಸೂತ್ರ ಬರೆದಿಟ್ಟಿದ್ದರು. ಗಣಕದವರು ಅದರಿಂದ ಕಲಿತ ಒಂದು ಪಾಠವೆಂದರೆ ಪರದೆಯ ಮೂಲೆಗಳ ಬೆಲೆ. ಮೌಸನ್ನು ಎಷ್ಟೇ ಒರಟಾಗಿ ನೂಕಿದರೂ ಕರ್ಸರ್ ಮೂಲೆ ದಾಟಿ ಹೋಗಲಾರದು, ಹಾಗಾಗಿ ನಡುಗುವ ಕೈಗೂ ಮೂಲೆ ತಪ್ಪುವುದಿಲ್ಲ. ಅಪ್ಪಯ್ಯನ ಬಲಗೈ ಈಚೆಗೆ ಸ್ವಲ್ಪ ನಡುಗುತ್ತದೆ.

ದೀಪಾವಳಿಗೆ ಊರಿಗೆ ಹೋದವಳು, ಅವರು ಮಧ್ಯಾಹ್ನ ಮಲಗಿದ್ದಾಗ ಲ್ಯಾಪ್‌ಟಾಪ್ ತೆಗೆದು ಎರಡೇ ನಿಮಿಷದಲ್ಲಿ ಗುಂಡಿಗಳನ್ನು ಎಡ ಮೂಲೆಗೆ ತಂದಿಟ್ಟೆ. ಅದಕ್ಕೆ ಸೆಟ್ಟಿಂಗ್ ಇದೆ. ಸಂಜೆ ಚಾ ಕುಡಿದು ಕುಳಿತ ಅಪ್ಪಯ್ಯ ಹುಬ್ಬು ಗಂಟಿಕ್ಕಿದರು.

‘ಇದನ್ನು ಯಾರು ಮುಟ್ಟಿದ್ದು?’

‘ನಾನೇ. ಮೊದಲಿದ್ದ ಹಾಗೆ ಮಾಡಿಟ್ಟೆ.’

‘ಯಾರನ್ನು ಕೇಳಿ ಮಾಡಿದೆ? ಎರಡು ತಿಂಗಳು ಕಷ್ಟಪಟ್ಟು ನಡುವೆ ನೋಡುವುದನ್ನು ಕಲಿತಿದ್ದೆ.’

ಹೇಳಲು ನನ್ನ ಬಳಿ ಏನೂ ಇರಲಿಲ್ಲ. ‘ಈಗ ಇನ್ನಷ್ಟು ಚೆನ್ನಾಗಿದೆ’ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು, ನುಂಗಿಕೊಂಡೆ. ಮತ್ತೆ ನಡುವಿಗೆ ಸರಿಸಿಕೊಟ್ಟೆ.

ಅವರು ಪುಸ್ತಕ ತೆಗೆದು ತೋರಿಸಿದರು. ಹಳೆಯ ಹದಿನೆಂಟು ಪುಟಗಳಿಗೆ ಅಡ್ಡಗೆರೆ ಎಳೆದು, ಸಂಘದ ಲೆಕ್ಕದಲ್ಲಿ ಮಾಡುತ್ತಿದ್ದಂತೆ ಪಕ್ಕದಲ್ಲಿ ಸಹಿ ಹಾಕಿ ತಾರೀಖು ಬರೆದಿದ್ದರು. ಹೊಸ ಪುಟಗಳೆಲ್ಲ ಪೆನ್ಸಿಲ್ಲಿನಲ್ಲಿದ್ದವು. ಒಂದು ಸಾಲು ಮಾತ್ರ ಶಾಯಿಯಲ್ಲಿತ್ತು: ‘ಕೀಲಿಮಣೆಯಲ್ಲಿ ಕೆಳಗಿನ ಸಾಲು, ಎಡಗಡೆ, ನಾಲ್ಕು ಚೌಕದ ಚಿತ್ರ. ಇದನ್ನು ಒತ್ತಿದರೂ ಅದೇ ಪಟ್ಟಿ ಬರುತ್ತದೆ.’ ಯಾರೂ ಹೇಳಿಕೊಡದೆ ತಾವೇ ಕಂಡುಕೊಂಡದ್ದು. ಆ ಕೀಲಿಯ ಮೇಲೆ ಬೆರಳಿಟ್ಟು, ‘ಇದೊಂದು ನಿಂತಲ್ಲೇ ನಿಂತಿದೆ. ಪ್ಲಾಸ್ಟಿಕ್ಕಿನದು, ಅಲ್ಲಾಡಿಸಲು ಬರುವುದಿಲ್ಲ’ ಎಂದರು.

2024ರಿಂದ ಬರುತ್ತಿರುವ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಕೆಳಗಿನ ಸಾಲಿನ ಬಲಗಡೆ ಕಂಟ್ರೋಲ್ ಕೀಲಿ ಇರುತ್ತಿದ್ದ ಜಾಗಕ್ಕೆ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಕರೆಯುವ ಕೀಲಿಯೊಂದು ಬಂದು ಕುಳಿತಿದೆ. ಅದನ್ನು ನಾನು ಅವರಿಗೆ ಹೇಳಲಿಲ್ಲ.